ಎಂಟಕ್ಷರದ ಸಂಸಾರ

ನನ್ನ ಗಂಡನ ಮಾತು ನಿಂತ ಮೇಲೆ ನಾವಿಬ್ಬರೂ ಇಂಗ್ಲಿಷಿನಲ್ಲಿ ಸಂಸಾರ ಮಾಡಿದೆವು. ಭದ್ರಾವತಿಯ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸಿಯೇ ತಲೆ ನೆರೆಸಿಕೊಂಡ ನನಗೆ ಇದನ್ನು ಬರೆಯುವುದಕ್ಕೂ ಹೊಟ್ಟೆ ಉರಿಯುತ್ತದೆ. ಆದರೆ ನಡೆದದ್ದು ಹಾಗೆಯೇ. ಇಂಗ್ಲಿಷ್ ಅಂದರೂ ಪೂರ್ತಿ ಇಂಗ್ಲಿಷಲ್ಲ, ಅದರ ಎಂಟೇ ಅಕ್ಷರ. ಆ ಎಂಟರಲ್ಲಿ ಯಾವ ಪದ ಹುಟ್ಟುತ್ತದೋ ಅದರಲ್ಲೇ ಅವರ ನೋವು, ತುರಿಕೆ, ಚಳಿ, ಸಿಟ್ಟು ಎಲ್ಲವನ್ನೂ ಹೇಳಿಕೊಳ್ಳಬೇಕಿತ್ತು.

ಅವರು ಕಾರ್ಖಾನೆಯ ಲ್ಯಾಬಿನಲ್ಲಿದ್ದವರು. ಕರಗಿಸಿದ ಉಕ್ಕಿನ ಚೂರು ತಂದುಕೊಟ್ಟರೆ ಅದರಲ್ಲಿ ಏನೇನು ಎಷ್ಟೆಷ್ಟು ಬೆರೆತಿದೆ ಎಂದು ಪರೀಕ್ಷೆ ಮಾಡಿ ಹೇಳುವ ಕೆಲಸ. ಮನೆಯಲ್ಲಿ ಮಾತು ಕಮ್ಮಿ. ಆಡಿದರೂ ಇಂಗ್ಲಿಷ್ ಪೇಪರಿನ ಮೂಲೆಯಲ್ಲಿ ಬರುತ್ತಿದ್ದ ಪದದಾಟದ ಬಗ್ಗೆಯೇ. ಒಂದಷ್ಟು ಅಕ್ಷರಗಳನ್ನು ಚೆಲ್ಲಾಪಿಲ್ಲಿ ಕೊಟ್ಟಿರುತ್ತಾರೆ, ಅವುಗಳಿಂದ ಎಷ್ಟು ಪದ ಆಗುತ್ತದೋ ಮಾಡಬೇಕು. ಮಧ್ಯಾಹ್ನ ಊಟಕ್ಕೆ ಕ್ವಾರ್ಟರ್ಸಿಗೆ ಬಂದವರು ಪೇಪರ್ ಮಡಚಿ ನನ್ನ ಮುಂದೆ ಹಿಡಿಯುತ್ತಿದ್ದರು.

"ಈ ಅಕ್ಷರದಲ್ಲಿ ಏನೇನ್ ಬರುತ್ತೆ ಹೇಳು ನೋಡೋಣ."

"ಅನ್ನ ಸಾರು ಬರುತ್ತೆ. ಕೈ ತೊಳ್ಕೊಂಡ್ ಬನ್ನಿ."

ನಾನು ಹಾಗೆ ಅಂದರೂ ಅವರಿಗೆ ಬೇಜಾರಿಲ್ಲ. ತಾವೇ ಪದ ಮಾಡಿ, ಒಂದೊಂದರ ಅರ್ಥವನ್ನೂ ನನಗೆ ಹೇಳಿಯೇ ಊಟಕ್ಕೆ ಕೂರುವುದು. ಅರ್ಥ ಗೊತ್ತಿಲ್ಲದ ಪದವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು ಅವರದೇ ಒಂದು ಕಾನೂನು. ನನಗೆ ಸಾರು ಆರಿಹೋಗುತ್ತದೆಂಬ ಚಿಂತೆ.

ಕಾಯಿಲೆ ಬಂದದ್ದು ನಿವೃತ್ತಿಯಾದ ಮೇಲೆ. ಮೊದಲು ಕೈಯಲ್ಲಿದ್ದ ಲೋಟ ಜಾರಿತು. ಆಮೇಲೆ ಶರ್ಟಿನ ಗುಂಡಿ ಹಾಕಿಕೊಳ್ಳಲು ಒದ್ದಾಡತೊಡಗಿದರು. ಮಾತು ತೊದಲಲು ಶುರುವಾದಾಗ, ಬಜಾರಿನಲ್ಲಿ ಎಷ್ಟೋ ವರ್ಷದಿಂದ ದಿನಸಿ ಕೊಡುತ್ತಿದ್ದ ಅಂಗಡಿಯವನೇ ಇವರು ಕುಡಿದಿದ್ದಾರೆ ಅಂದುಕೊಂಡು, "ಮನೆಗ್ ಹೋಗಿ ಸಾರ್, ಸಾಮಾನು ಕಳಿಸ್ತೀನಿ" ಅಂದನಂತೆ. ದಿನಾ ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮಾಡದೆ ಒಂದು ಗುಟುಕು ಕಾಫಿಯನ್ನೂ ಮುಟ್ಟದ ಮನುಷ್ಯ. ಮನೆಗೆ ಬಂದು ಕುರ್ಚಿಯಲ್ಲಿ ಕೂತು ಅತ್ತರು. ನಾನು ಆ ಅಂಗಡಿಗೆ ಹೋಗಿ, ಅವನ ಏಳು ತಲೆಮಾರನ್ನೂ ಎಳೆದು ಬೈದು ಬಂದೆ.

ಮೋಟಾರ್ ನ್ಯೂರಾನ್ ಕಾಯಿಲೆ ಎಂದರು. ಕೈ, ಕಾಲು, ನಾಲಿಗೆ, ಗಂಟಲು, ಕೊನೆಗೆ ಉಸಿರು, ಒಂದಾದ ಮೇಲೊಂದು ಸೋಲುತ್ತದೆ, ಔಷಧಿಯಿಲ್ಲ, ಬುದ್ಧಿ ಮಾತ್ರ ಕೊನೆಯವರೆಗೂ ಚೆನ್ನಾಗಿರುತ್ತದೆ. ಬುದ್ಧಿ ಚೆನ್ನಾಗಿರುವುದನ್ನು ಡಾಕ್ಟರು ಸಮಾಧಾನದ ಮಾತಿನಂತೆ ಹೇಳಿದರು. ಆಸ್ಪತ್ರೆಗೆ ಹತ್ತಿರ ಇರಲಿ ಎಂದು ನಾವು ಭದ್ರಾವತಿ ಬಿಟ್ಟು ಶಿವಮೊಗ್ಗಕ್ಕೆ ಬಂದು, ಸವಳಂಗ ರಸ್ತೆಯ ಒಳಗಿನ ಒಂದು ಅಡ್ಡರಸ್ತೆಯಲ್ಲಿ ನೆಲದಂತಸ್ತಿನ ಬಾಡಿಗೆ ಮನೆ ಹಿಡಿದೆವು. ನಮಗೆ ಮಕ್ಕಳಿಲ್ಲ. ಭದ್ರಾವತಿಯಲ್ಲಿ ಉಳಿದ ನನ್ನ ಮೈದುನ ಒಬ್ಬನೇ ವಾರಕ್ಕೆರಡು ಸಲ ಬಸ್ಸಿನಲ್ಲಿ ಬಂದು ಅಣ್ಣನಿಗೆ ಸ್ನಾನ ಮಾಡಿಸಿ ಹೋಗುತ್ತಿದ್ದ.

ಮಾತು ಪೂರ್ತಿ ಹೋಗುವ ಮುಂಚೆಯೇ ಸಿದ್ಧತೆ ಮಾಡಿಕೊಳ್ಳಿ ಎಂದು ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್ ಹೇಳಿದಳು. ಚಿಕ್ಕ ವಯಸ್ಸಿನ ಹುಡುಗಿ, ಸಮಾಧಾನದ ಗುಣ. ವಿಧಾನ ಸುಲಭ: ನಾನು ಒಂದೊಂದೇ ಅಕ್ಷರ ಹೇಳುತ್ತ ಹೋಗುವುದು, ಬೇಕಾದ ಅಕ್ಷರ ಬಂದಾಗ ಅವರು ಕಣ್ಣು ಮುಚ್ಚುವುದು. ಅಕ್ಷರ ಕೂಡಿಸಿದರೆ ಪದ. ಬರೀ ಪ್ರಶ್ನೆ ಕೇಳಿದಾಗ ಕಣ್ಣು ಮುಚ್ಚಿದರೆ ಹೌದು, ಮೇಲೆ ಫ್ಯಾನಿನ ಕಡೆ ನೋಡಿದರೆ ಇಲ್ಲ.

ನಾನು ಬಿಡುತ್ತೇನೆಯೇ. ದೊಡ್ಡ ಡ್ರಾಯಿಂಗ್ ಹಾಳೆ ತಂದು ಪೂರ್ತಿ ವರ್ಣಮಾಲೆ ಬರೆದೆ. ಕೆಳಗೆ ತಲೆಕಟ್ಟು, ಇಳಿ, ಗುಡಿಸು, ಕೊಂಬು, ಒತ್ತು ಎಲ್ಲ. ಇಂಥ ಅಂದದ ಚಾರ್ಟು ನಾನು ಶಾಲೆಯಲ್ಲೂ ಮಾಡಿರಲಿಲ್ಲ. ಅಭ್ಯಾಸಕ್ಕೆ ಕೂತೆವು. ಅವರಿಗೆ ಬೆನ್ನು ಎನ್ನಬೇಕಿತ್ತಂತೆ. ನಾನು ಕ ಖ ಗ ಘ ಙ ಎಂದು ಶುರುಮಾಡಿ ಬ ಮುಟ್ಟುವುದರೊಳಗೆ ಅವರಿಗೆ ಆಕಳಿಕೆ ಬಂತು. ಬ ಆದ ಮೇಲೆ ಅದಕ್ಕೆ ಎತ್ವ ಹುಡುಕಬೇಕು, ಮತ್ತೆ ಮೊದಲಿಂದ ನ, ಅದಕ್ಕೊಂದು ಒತ್ತು, ಆಮೇಲೆ ಕೊಂಬು. ಥೆರಪಿಸ್ಟ್ ಹುಡುಗಿ ಮೆಲ್ಲಗೆ, "ಮೇಡಂ, ಆ ಙ, ಞ ಆದ್ರೂ ಬಿಟ್ಬಿಡಿ" ಎಂದಳು. ಅವನ್ನು ಬಿಟ್ಟು ವರ್ಣಮಾಲೆ ಹೇಳುವುದು ನನ್ನ ನಾಲಿಗೆಗೆ ಬರುವುದೇ ಇಲ್ಲ. ಮಗ್ಗಿಯ ಹಾಗೆ ಒಂದೇ ಓಟದಲ್ಲಿ ಬಂದುಬಿಡುತ್ತದೆ.

ಅವರು ನಕ್ಕುಬಿಟ್ಟರು. ಆಗಿನ್ನೂ ತೊದಲು ಮಾತು ಬರುತ್ತಿತ್ತು. "ನೀನು ಞ ದಾಟೋ ಹೊತ್ತಿಗೆ ನಾನು ಹೋಗಿರ್ತೀನಿ ಮಾರಾಯ್ತಿ" ಎಂದರು. ಆ ಹುಡುಗಿ ತಲೆ ತಗ್ಗಿಸಿದಳು. ನನಗೆ ಸಿಟ್ಟು, ನಗು, ಅಳು ಮೂರೂ ಒಟ್ಟಿಗೆ ಬಂದು, ಚಾರ್ಟು ಸುತ್ತಿ ಬೀರುವಿನ ಹಿಂದೆ ತುರುಕಿದೆ.

ಎಂಟಕ್ಷರದ ಯೋಚನೆ ಅವರದೇ. ಎ, ಇ, ಐ, ಎಲ್, ಎನ್, ಆರ್, ಎಸ್, ಟಿ. ಇಷ್ಟನ್ನು ಮೊದಲು ಹೇಳು, ಇಷ್ಟರಲ್ಲೇ ಬೇಕಾದಷ್ಟು ಪದ ಬರುತ್ತವೆ, ಇವುಗಳಲ್ಲಿ ಆಗದಿದ್ದರೆ ಮಾತ್ರ ಉಳಿದ ಅಕ್ಷರಕ್ಕೆ ಹೋಗು ಎಂದರು. ಒಂದು ವಾರ ಪೂರ್ತಿ ಆ ತೊದಲು ಬಾಯಲ್ಲೇ ಪದ ಹೇಳಿದರು, ನಾನು ಹಳೇ ಕ್ಯಾಲೆಂಡರಿನ ಹಿಂದೆ ದಪ್ಪ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಪ್ರತಿ ಪದಕ್ಕೂ ಎರಡು ಅರ್ಥ ಬರೆಯಬೇಕಾಯಿತು. ಡಿಕ್ಷನರಿಯ ಅರ್ಥ ಮೊದಲು, ಅದನ್ನು ಬಿಡಲು ಅವರು ತಯಾರಿಲ್ಲ. ಪಕ್ಕದಲ್ಲಿ ನಮ್ಮ ಮನೆಯ ಅರ್ಥ.

ಆಂಟ್ ಎಂದರೆ ಇರುವೆ, ನಮ್ಮಲ್ಲಿ ತುರಿಕೆ. ಎಲ್ಲಿ ಎಂದು ನಾನು ತಲೆಯಿಂದ ಕಾಲಿನವರೆಗೆ ಹೆಸರು ಹೇಳುತ್ತ ಬರಬೇಕು. ರೇನ್ ಎಂದರೆ ಮಳೆ, ನಮ್ಮಲ್ಲಿ ಚಳಿ, ಫ್ಯಾನ್ ಆರಿಸು. ಸಾಲ್ಟ್ ಎಂದರೆ ಉಪ್ಪು, ನಮ್ಮಲ್ಲಿ ಬಾಯಿ ತುಂಬ ಎಂಜಲು ನಿಂತಿದೆ, ಮೆಷಿನ್ ಹಾಕಿ ಎಳೆ. ಟೇಲ್ ಎಂದರೆ ಬಾಲ, ನಮ್ಮಲ್ಲಿ ಸೊಂಟದ ಕೆಳಗಿನ ನೋವು. ಅದನ್ನು ಬರೆಸುವಾಗ ಅವರಿಗೇ ನಗು ತಡೆಯಲಿಲ್ಲ. ಟಿಲ್ಟ್ ಎಂದರೆ ಮಗ್ಗುಲು ಬದಲಿಸು, ಇದಕ್ಕೆ ಮಾತ್ರ ಎರಡು ಅರ್ಥವೂ ಹೆಚ್ಚುಕಮ್ಮಿ ಒಂದೇ. ಏಲಿಯನ್ ಎಂದರೆ ಬೇರೆ ಲೋಕದವನು, ನಮ್ಮಲ್ಲಿ ನೆಂಟರು, ಇವರನ್ನು ಬೇಗ ಸಾಗಹಾಕು.

ಒಂದು ಮಳೆಗಾಲದಲ್ಲಿ ಮಾತು ಪೂರ್ತಿ ನಿಂತಿತು. ಆಮೇಲೆ ಕುತ್ತಿಗೆ. ನುಂಗಲಾಗದೆ ಹೊಟ್ಟೆಗೆ ಟ್ಯೂಬ್ ಹಾಕಿದರು, ಅದರಲ್ಲಿ ಸೋಸಿದ ರಾಗಿ ಗಂಜಿ, ಉಸಿರಾಟದ ಮೆಷಿನ್ನಿನ ಮಾಸ್ಕು ರಾತ್ರಿಯಿಡೀ. ನಮ್ಮ ಕ್ಯಾಲೆಂಡರು ಕೆಲಸಕ್ಕೆ ಬಂತು. ಹೊಳಲೂರಿನಿಂದ ನನ್ನ ತವರಿನ ಕಡೆಯವರು ನೋಡಲು ಬಂದರೆ, ಇವರು ಕಣ್ಣಲ್ಲಿ ನನ್ನನ್ನು ಕರೆಯುತ್ತಿದ್ದರು. ನಾನು ಅಕ್ಷರ ಹೇಳಲು ಶುರುಮಾಡಿದರೆ ಬಂದವರೆಲ್ಲ ಮಂತ್ರ ಕೇಳುವವರ ಹಾಗೆ ಕೈಕಟ್ಟಿ ನಿಲ್ಲುತ್ತಿದ್ದರು. ಎ. ಎಲ್. ಐ. ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿಬಿಡುತ್ತಿತ್ತು. "ಏನಂತೆ?" ಎಂದು ನನ್ನ ಚಿಕ್ಕಮ್ಮ ಕೇಳಿದರೆ, "ನಿಮ್ಮನ್ನ ನೋಡಿ ಸಂತೋಷ ಆಯ್ತಂತೆ" ಎನ್ನುತ್ತಿದ್ದೆ. ಇವರ ಕಣ್ಣು ನಗುತ್ತಿತ್ತು. ಆ ಮುಖದಲ್ಲಿ ಇನ್ನೇನೂ ಅಲುಗುತ್ತಿರಲಿಲ್ಲ.

ನನಗೆ ಸಾಕಾಗುತ್ತಿರಲಿಲ್ಲ ಎಂದರೆ ಸುಳ್ಳು. ದಿನವಿಡೀ ಎ, ಇ, ಐ, ಎಲ್ ಎಂದು ಬಡಬಡಿಸಿ ಗಂಟಲು ಕೆಟ್ಟುಹೋಗುತ್ತಿತ್ತು. ಸೊಂಟ ಬಿದ್ದುಹೋಗುತ್ತಿತ್ತು. ಒಂದೊಂದು ದಿನ ಆಂಟ್ ಎಂದಾಗ, "ಇರುವೆ ಕಚ್ಚಿದ್ರೆ ಕಚ್ಕೊಳ್ಳಿ ಬಿಡಿ, ನನ್ನನ್ನ ಇಲ್ಲಿ ಹುಲಿ ತಿಂತಿದೆ" ಎಂದು ರೇಗಿದ್ದೂ ಉಂಟು. ಆದರೂ ನನಗೆ ಅವರು ಬೇಕಾಗಿತ್ತು. ಕೈಕಾಲಿಲ್ಲದಿದ್ದರೆ ಬೇಡ, ಮಾತಿಲ್ಲದಿದ್ದರೆ ಬೇಡ, ಆ ಕಣ್ಣೆರಡು ನನ್ನ ಕಡೆ ತಿರುಗಿದರೆ ಸಾಕಿತ್ತು.

ಹಾಗಿರುವಾಗ ಡಾಕ್ಟರು ನನ್ನನ್ನು ಹೊರಗೆ ಕರೆದು ಮಾತಾಡಿದರು. ಉಸಿರಾಟ ಇಳಿಯುತ್ತಿದೆ, ಮಾಸ್ಕು ಇನ್ನು ಬಹಳ ದಿನ ಸಾಲದು. ಗಂಟಲಿಗೆ ತೂತು ಮಾಡಿ ಮೆಷಿನ್ನಿಗೆ ಜೋಡಿಸಿದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರಬಹುದು, ಆದರೆ ಮೆಷಿನ್ನಿನ ಮೇಲೆಯೇ, ಹೀಗೆಯೇ ಮಲಗಿಕೊಂಡು, ಬರಬರುತ್ತ ಕಣ್ಣೂ ಸೋಲಬಹುದು. ಬೇಡವೆಂದರೆ ಸಂಕಟವಾಗದಂತೆ ಔಷಧಿ ಕೊಡುತ್ತೇವೆ, ಮನೆಯಲ್ಲೇ ಇರಲಿ. "ಇದನ್ನ ನೀವಾಗ್ಲಿ ನಾನಾಗ್ಲಿ ತೀರ್ಮಾನ ಮಾಡೋದಲ್ಲ ಅಮ್ಮ. ಅವರನ್ನೇ ಕೇಳಿ. ಎಲ್ಲ ಅರ್ಥ ಆಗುತ್ತೆ ಅವರಿಗೆ" ಎಂದರು.

ನಾನು ಕೇಳಲಿಲ್ಲ. ಇವತ್ತು ಅವರಿಗೆ ಸುಸ್ತು, ಇವತ್ತು ಹಬ್ಬ, ಇವತ್ತು ಕರೆಂಟಿಲ್ಲ, ಯಾವುದಾದರೊಂದು ನೆಪ. ಅವರು ಏನು ಹೇಳುತ್ತಾರೆ ಎಂಬುದು ನನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಮೈದುನನದು ಒಂದೇ ಮಾತು. "ಕೇಳೋದೇನ್ ಬಂತು ಅತ್ತಿಗೆ, ಮಾಡ್ಸೋದೇ. ಅಣ್ಣ ಇರೋದು ಮುಖ್ಯ. ಹೂಂ ಅಂದ್ಬಿಡಿ." ನನಗೂ ಹೂಂ ಎನ್ನುವ ಆಸೆಯೇ. ಅವರಾಗಿ ಆ ವಿಷಯ ಎತ್ತಲಾರರು ಅಂದುಕೊಂಡಿದ್ದೆ. ನಾನು ಕೇಳಿದರೆ ಹೌದು, ಇಲ್ಲ ಎನ್ನಬಲ್ಲರು, ಆದರೆ ಗಂಟಲು, ತೂತು, ಮೆಷಿನ್, ಬೇಡ ಎಂಬ ಯಾವ ಮಾತೂ ಗೋಡೆಯ ಮೇಲೆ ಇರಲಿಲ್ಲ. ತುರಿಕೆಗೆ ಪದವಿತ್ತು, ಇದಕ್ಕೆ ಇರಲಿಲ್ಲ.

ಒಂದು ಸಂಜೆ ಮೈದುನ ಫೋನ್ ಮಾಡಿ ಕೇಳಿದಾಗ ನಾನು ಅವರ ಮಂಚದ ಪಕ್ಕದಲ್ಲೇ ನಿಂತು, "ಅವರನ್ನ ಕೇಳ್ದೆ ಕಣಪ್ಪ, ಯೋಚ್ನೆ ಮಾಡ್ತೀನಿ ಅಂದಿದ್ದಾರೆ" ಎಂದೆ. ಫೋನಿಟ್ಟು ತಿರುಗಿದರೆ ಅವರ ಕಣ್ಣು ನನ್ನನ್ನು ಕರೆಯುತ್ತಿತ್ತು. ಅಕ್ಷರ ಹೇಳಿದೆ. ಎಲ್. ಐ. ಎ. ಆರ್. ಕ್ಯಾಲೆಂಡರಿನ ಕಡೆ ನೋಡಿದೆ, ಅದರಲ್ಲಿ ಆ ಪದವಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಲೈಯರ್. ಸುಳ್ಳುಬುರುಕಿ.

"ಹೌದು, ಸುಳ್ಳು ಹೇಳ್ದೆ. ಏನೀಗ?" ಎಂದೆ. ಅವರು ನೋಡುತ್ತಲೇ ಇದ್ದರು. ನಾನು ಗಂಜಿ ಕಾಯಿಸುವ ನೆಪ ಮಾಡಿ ಅಡುಗೆಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಮುಖ ಒರೆಸಿ ವಿಭೂತಿ ಹಚ್ಚುತ್ತಿದ್ದಾಗ ಮತ್ತೆ ಕರೆದರು. ಎ. ಎಸ್. ಮೂರನೆಯದಕ್ಕೆ ಎಂಟೂ ಹೇಳಿ ಮುಗಿಸಿದೆ, ಕಣ್ಣು ಮುಚ್ಚಲಿಲ್ಲ. ನಿದ್ದೆಗಣ್ಣೇನೋ ಎಂದು ಮತ್ತೊಮ್ಮೆ ಹೇಳಿದೆ. ಇಲ್ಲ. ಅವರು ನಮ್ಮ ಎಂಟರಿಂದ ಹೊರಗೆ ಹೋಗುತ್ತಿದ್ದಾರೆಂದು ತಡವಾಗಿ ಹೊಳೆಯಿತು. ಬಿ, ಸಿ, ಡಿ ಎಂದು ಉಳಿದದ್ದನ್ನು ಶುರುಮಾಡಿದೆ. ಕೆ ಎಂದಾಗ ಕಣ್ಣು ಮುಚ್ಚಿದರು. ಮುಚ್ಚಿ, ತುಸು ಹೊತ್ತು ಹಾಗೇ ಹಿಡಿದು, ಬಿಟ್ಟರು.

ಆಸ್ಕ್. ಕೇಳು.

"ಏನ್ ಕೇಳ್ಲಿ? ಚಳಿನಾ? ಮಗ್ಗುಲು ಬದಲಿಸ್ಲಾ?" ಎಂದೆ. ಗೊತ್ತಿದ್ದೂ ಹಾಗೆಂದೆ. ಅವರು ಫ್ಯಾನಿನ ಕಡೆ ನೋಡಲಿಲ್ಲ, ಕಣ್ಣನ್ನೂ ಮುಚ್ಚಲಿಲ್ಲ. ಹೊರಗೆ ಹಾಲಿನವನ ಬೈಕು ಬಂದು ನಿಂತು, ಹೋಯಿತು. ವಿಭೂತಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಮಂಚದ ಅಂಚಿನಲ್ಲಿ ಕೂತೆ. ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಆಮೇಲೆ ಕೇಳಿದೆ, "ಗಂಟಲಿಗೆ ಮಾಡಿಸೋಣ್ವಾ?"

ಫ್ಯಾನಿನ ಕಡೆ ನೋಡಿದರು.

ಕಾಣದವಳ ಹಾಗೆ ಇನ್ನೊಮ್ಮೆ ಕೇಳಿದೆ. ಮತ್ತೆ ಮೇಲೆ ನೋಡಿದರು. ಪ್ರಶ್ನೆ ತಿರುಗಿಸಿ, "ಹಾಗಾದ್ರೆ ಬೇಡವಾ?" ಎಂದೆ. ಕಣ್ಣು ಮುಚ್ಚಿದರು. ಹೇಗೆ ತಿರುಗಿಸಿ ಕೇಳಿದರೂ ಉತ್ತರ ಒಂದೇ ಬರುತ್ತಿತ್ತು.

ಆಗ ನಾನು ಅವರನ್ನು ಬೈದೆ. "ನನ್ನ ಬಗ್ಗೆ ಯೋಚ್ನೆ ಮಾಡಿದ್ರಾ? ನಿಮಗೇನು, ಹೊರಟ್ ಹೋಗ್ತೀರಿ. ನಾನ್ ಯಾರ್ ಹತ್ರ ಜಗಳ ಆಡ್ಲಿ? ಇಷ್ಟ್ ದಿನ ಎತ್ತಿದ್ದು, ಒರೆಸಿದ್ದು ಎಲ್ಲ ಇದಕ್ಕಾ?" ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರ ಕಣ್ಣಿನ ಮೂಲೆಯಿಂದ ನೀರು ಕಿವಿಯ ಕಡೆ ಇಳಿಯಿತು. ಒರೆಸಿಕೊಳ್ಳಲು ಅವರಿಗೆ ಕೈಯಿಲ್ಲ. ಬೈಯುತ್ತಲೇ ಒರೆಸಿದೆ. ನಂತರ ಬೈಯಲು ಏನೂ ಉಳಿಯದೆ ಅವರ ಎದೆಯ ಮೇಲೆ ತಲೆಯಿಟ್ಟು ಅತ್ತೆ. ಭಾರವಾಗುತ್ತದೆಂದು ನೆನಪಾಗಿ ಬೇಗ ಎದ್ದೆ.

ಇನ್ನೊಂದು ಮಾತು ಕೇಳಲೇಬೇಕಿತ್ತು. "ರೀ, ಉಸಿರು ಕಟ್ಟೋ ಹೊತ್ನಲ್ಲಿ ಭಯ ಆಗುತ್ತೆ. ಆಗ ಮನಸ್ಸು ಬದಲಾಗ್ಬೋದು. ಆ ಹೊತ್ತಲ್ಲಿ ಇನ್ನೊಂದ್ ಸಲ ಕೇಳ್ಲಾ?"

ನನ್ನನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಫ್ಯಾನಿನ ಕಡೆ ನೋಡಿದರು. ಕೇಳಬೇಡ.

"ಆಯ್ತು" ಎಂದೆ.

ಆ ವಾರವೇ ಡಾಕ್ಟರು ಮನೆಗೆ ಬಂದು ತಾವೂ ಕೇಳಿ, ಅದೇ ಉತ್ತರ ಪಡೆದು, ಔಷಧಿ ಬರೆದುಕೊಟ್ಟರು. ಸಂಕಟ ಬಂದಾಗ ಎಷ್ಟು ಕೊಡಬೇಕು, ಟ್ಯೂಬಿನಲ್ಲಿ ಹೇಗೆ ಹಾಕಬೇಕು ಎಂದು ನನಗೆ ತೋರಿಸಿದರು. ಮೈದುನ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡ. "ಕಣ್ಣು ಮೇಲೆ ಮಾಡಿದ್ದಕ್ಕೆಲ್ಲ ಬೇಡ ಅಂತ ಅರ್ಥನಾ ಅತ್ತಿಗೆ?" ಎಂದು ಹೋಗುವಾಗ ನನ್ನನ್ನು ಕೇಳಿದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ಕೇಳಿದ್ದು ನನ್ನೊಳಗಿನ ಮಾತನ್ನೇ.

ಅದಾದ ಮೇಲೆ ಸ್ವಲ್ಪ ದಿನ ಚೆನ್ನಾಗಿದ್ದರು. ನಾನು ಪೇಪರಿನ ಪದದಾಟವನ್ನು ಅವರ ಕಣ್ಣೆದುರು ಹಿಡಿಯುತ್ತಿದ್ದೆ, ಅವರು ಒಂದೊಂದು ಪದ ಹೇಳುತ್ತಿದ್ದರು. ಅರ್ಥ ನಾನು ಹೇಳಬೇಕು. ಗೊತ್ತಿಲ್ಲದ್ದಕ್ಕೆ ಬಾಯಿಗೆ ಬಂದ ಅರ್ಥ ಹೇಳಿದರೆ ಫ್ಯಾನ್ ನೋಡುವುದು. ಇಷ್ಟು ವರ್ಷ ಸಾರು ಆರುತ್ತದೆಂದು ತಪ್ಪಿಸಿಕೊಂಡ ಆಟವನ್ನು ನಾನು ಆಡಿದ್ದು ಆಗ.

ಆ ದಿನ ಬೆಳಿಗ್ಗೆ ಮೈದುನ ಸ್ನಾನ ಮಾಡಿಸಲು ಬಂದಿದ್ದ. ಮೈ ಒರೆಸಿ ಮಗ್ಗುಲಿಗೆ ಹೊರಳಿಸುವಾಗ ಕಫ ಸಿಕ್ಕಿಕೊಂಡಿತು. ಮೆಷಿನ್ ಹಾಕಿ ಎಳೆದೆ, ಬರಲಿಲ್ಲ. ಮಾಸ್ಕು ಹಾಕಿದೆ, ಎದೆ ಏಳಲಿಲ್ಲ. ಮುಖದ ಬಣ್ಣ ತಿರುಗತೊಡಗಿತು. ಡಾಕ್ಟರು ತೋರಿಸಿದ್ದಂತೆ ಔಷಧಿಯನ್ನು ಟ್ಯೂಬಿಗೆ ಹಾಕಿದೆ. ಮೈದುನ ಜೇಬಿನಿಂದ ಫೋನ್ ತೆಗೆದು ಆಂಬುಲೆನ್ಸಿಗೆ ನಂಬರ್ ಒತ್ತುತ್ತಿದ್ದ.

"ಇಡು ಅದನ್ನ" ಎಂದೆ.

"ಅತ್ತಿಗೆ, ಆಸ್ಪತ್ರೆ ಇಲ್ಲೇ ಇದೆ. ಐದ್ ನಿಮಿಷ. ಅಣ್ಣ ಉಳೀತಾನೆ."

"ಇಡಪ್ಪ."

ಅವನು ಫೋನ್ ಹಿಡಿದುಕೊಂಡೇ ನೆಲದ ಮೇಲೆ ಕುಸಿದು ನನ್ನ ಕಾಲು ಹಿಡಿದ. "ಒಂದೇ ಒಂದ್ ಸಲ ಕೇಳಿ ಅತ್ತಿಗೆ. ಈಗ ಬೇಕು ಅನ್ಸಿರ್ಬೋದು. ಕಣ್ಣು ಬಿಟ್ಟಿದ್ದಾನೆ ನೋಡಿ. ಕೇಳಿ."

ಕೇಳಿದ್ದರೆ ಅವರು ಕಣ್ಣು ಮುಚ್ಚಬಹುದಿತ್ತು. ಮುಚ್ಚಿದ್ದರೆ ಆ ಕ್ಷಣವೇ ನಾನು ಆಂಬುಲೆನ್ಸಿಗೆ ಹೇಳುತ್ತಿದ್ದೆ, ಅವರು ನನಗೆ ಸಿಗುತ್ತಿದ್ದರು. ಅಷ್ಟು ಆಸೆ ನನಗಿತ್ತು. ಅವರ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡೆ.

"ಕೇಳಿ ಆಗಿದೆ" ಎಂದೆ.

ಅವರ ಕಣ್ಣು ಪೂರ್ತಿ ತೆರೆದಿತ್ತು. ನನ್ನನ್ನೇ ನೋಡುತ್ತಿದ್ದರು, ಏನಾದರೂ ಹೇಳಬೇಕಿದ್ದಾಗ ನಾನು ಅಕ್ಷರ ಶುರುಮಾಡಲಿ ಎಂದು ನೋಡುತ್ತಿದ್ದರಲ್ಲ, ಹಾಗೆಯೇ. ನಾನು ಹಣೆ ಸವರುತ್ತಿದ್ದೆ. ಅಕ್ಷರ ಹೇಳಲಿಲ್ಲ.